ಗುಳಿಗೆ ನಾಟದಾದಾಗ

‘ಮದಲಿನಂಗ ಗುಳಿಗಿ ನಾಟವಲ್ದರೀ ಸಾಹೇಬ್ರ.’

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಎದುರು ಕೂತವರು ಹೀಗೆ ಹೇಳಿದರೆ ಅಚ್ಚರಿಯಿಲ್ಲ. ತಾಲ್ಲೂಕು ಮಟ್ಟದಲ್ಲಿ ಮನೋವೈದ್ಯರು ಸಿಗಲೆಂದು ರಾಜ್ಯದ ಮನೋಚೈತನ್ಯ ಯೋಜನೆ ಮಂಗಳವಾರವನ್ನು ಮೀಸಲಿಟ್ಟಿದೆ. ಹೀಗೆ ಹೇಳುವವರು ಹೊಸ ರೋಗಿಗಳಲ್ಲ. ಖಿನ್ನತೆಗೆ ಗುಳಿಗೆ ತೆಗೆದುಕೊಂಡು, ನಿದ್ದೆ ಕಂಡು, ಮತ್ತೆ ಹೊಲದ ದಾರಿ ಹಿಡಿದು ವರ್ಷವೆರಡು ವರ್ಷ ಚೆನ್ನಾಗಿದ್ದವರು. ಗುಳಿಗೆ ಅದೇ, ಡೋಸೂ ಅದೇ. ಆದರೆ ಈಗ ನಸುಕಿನ ಮೂರಕ್ಕೇ ಎಚ್ಚರ, ರೊಟ್ಟಿ ಗಂಟಲಲ್ಲಿ ಇಳಿಯದು, ಯಾರ ಮಾತೂ ಬೇಡ.

ಮನೆಯವರ ಬಳಿ ಉತ್ತರ ತಯಾರಿರುತ್ತದೆ: ‘ಮೈಗಿ ರೂಢಿ ಆಗ್ಯದ, ಇನ್ನ ಬಿಟ್ಟುಬಿಡು.’ ಈ ಮಾತಿನ ಮೊದಲರ್ಧದಲ್ಲಿ ಹುರುಳಿರಬಹುದು, ಎರಡನೆಯರ್ಧ ಅಪಾಯ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಬಹುಕಾಲ ಗುಳಿಗೆ ನುಂಗಿ ಚೇತರಿಸಿಕೊಂಡಿದ್ದ 478 ಮಂದಿ ಇದ್ದರು. ಅರ್ಧದಷ್ಟು ಜನ ಗುಳಿಗೆ ಮುಂದುವರಿಸಿದರು, ಉಳಿದವರಿಗೆ ಅದನ್ನು ಹಂತಹಂತವಾಗಿ ನಿಲ್ಲಿಸಲಾಯಿತು. ವರ್ಷದೊಳಗೆ ಖಿನ್ನತೆ ಮರಳಿದ್ದು ಮುಂದುವರಿಸಿದವರಲ್ಲಿ ನೂರಕ್ಕೆ 39 ಮಂದಿಗೆ, ನಿಲ್ಲಿಸಿದವರಲ್ಲಿ 56 ಮಂದಿಗೆ. ಅಂದರೆ ಗುಳಿಗೆ ತಪ್ಪದೆ ನುಂಗಿದರೂ ಕಾಯಿಲೆ ಮರಳೀತು. ಹಾಗೆಂದು ದೂರಿಕೊಂಡು ಬಂದವರನ್ನು ಗದರಿಸುವುದು ಅನ್ಯಾಯ. ಬಿಟ್ಟವರ ಪಾಡು ಅದಕ್ಕಿಂತ ಕಷ್ಟ.

ಹೀಗೇಕಾಗುತ್ತದೆ ಎಂಬುದರಲ್ಲಿ ವೈದ್ಯರಿಗೇ ಒಮ್ಮತವಿಲ್ಲ. ಮಿದುಳು ಔಷಧಕ್ಕೆ ಹೊಂದಿಕೊಂಡುಬಿಡುತ್ತದೆ ಎನ್ನುವವರಿದ್ದಾರೆ, ಕಾಯಿಲೆಯೇ ಬಲಿಯಿತು ಎನ್ನುವವರಿದ್ದಾರೆ. ಮೊದಲ ಸಲದ ಖಿನ್ನತೆ ತಾನಾಗಿಯೇ ಇಳಿದಿತ್ತು, ಹೆಸರು ಮಾತ್ರ ಗುಳಿಗೆಗೆ ಬಂತು ಎನ್ನುವವರೂ ಉಂಟು. ಈ ವಾದ ನಡೆಯುತ್ತಿರಲಿ. ನಮ್ಮ ಕಡೆ ಅದಕ್ಕೂ ಮೊದಲು ನೋಡಬೇಕಾದದ್ದು ಗುಳಿಗೆಯ ಪಟ್ಟಿಯನ್ನು.

ಪಟ್ಟಿಗೆ ಹತ್ತರಂತೆ ತಿಂಗಳಿಗೆ ಮೂರು ಪಟ್ಟಿ. ತಿಂಗಳ ಕೊನೆಗೆ ಸಂಚಿಯಿಂದ ಹೊರಬಂದಾಗ ಮೂರನೆಯದರ ಬೆನ್ನಿನ ಬೆಳ್ಳಿಹಾಳೆ ಮೂರೇ ಕಡೆ ಒಡೆದಿದ್ದರೆ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ತೊಗರಿ ರಾಶಿಗೆ ಹೋಗಿ ಹೊಲದಲ್ಲೇ ಮಲಗಿದ ನಾಲ್ಕು ರಾತ್ರಿ, ಸೋಲಾಪುರದ ಮದುವೆಗೆ ಎರಡು ದಿನ, ‘ಇವತ್ತ ಆರಾಮ ಅದೀನಿ’ ಎಂದು ತಪ್ಪಿಸಿದ್ದು ಒಂದು. ಸುಳ್ಳು ಹೇಳುತ್ತಿದ್ದಾರೆಂದಲ್ಲ, ಕೇಳಿದರೆ ‘ದಿನಾ ತಗೋತೀನ್ರಿ’ ಎಂದೇ ನಂಬಿ ಹೇಳುತ್ತಾರೆ. ಎಸ್ಸಿಟಲೊಪ್ರಾಂನಂಥ ಗುಳಿಗೆಯ ಅರ್ಧಭಾಗ ಒಂದೂಕಾಲು ದಿನದಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಮೂರ್ನಾಲ್ಕು ದಿನ ತಪ್ಪಿದರೆ ಕೆಲವರಿಗೆ ತಲೆ ಗಿರ್ರೆನ್ನುತ್ತದೆ, ಜೀವ ಕಸಿವಿಸಿ, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ಅದು ಗುಳಿಗೆ ಬಿಟ್ಟದ್ದರ ಫಲ. ನಾಟದ್ದರ ಲಕ್ಷಣ ಎಂದು ಅದನ್ನೇ ತಪ್ಪಾಗಿ ಓದುತ್ತೇವೆ.

ಗಾಣಗಾಪುರದ ದತ್ತ ಕ್ಷೇತ್ರದಲ್ಲಿ ಸೇವೆಗೆ ಕೂತಾಗಲೂ ಗುಳಿಗೆ ಬಿಡುವವರುಂಟು. ದತ್ತನ ಎದುರು ಡಾಕ್ಟರ ಔಷಧವೇಕೆ ಎಂಬ ಭಾವ. ಭೀಮಾ–ಅಮರ್ಜಾ ಸಂಗಮದ ಸ್ನಾನಕ್ಕೂ ರಾತ್ರಿಯ ಗುಳಿಗೆಗೂ ಯಾವ ಜಗಳವೂ ಇಲ್ಲ. ಆಳಂದದ ದರ್ಗಾಕ್ಕೆ ಹೊತ್ತ ಹರಕೆಗೂ ಅಷ್ಟೇ.

ಇನ್ನು ಕೆಲವು ಕಾರಣ ರಕ್ತಪರೀಕ್ಷೆಯಲ್ಲಿ ಸಿಗುತ್ತವೆ: ಥೈರಾಯ್ಡ್ ಕುಗ್ಗಿದ್ದು, ರಕ್ತಹೀನತೆ. ಸಂಜೆಯ ಸೆರೆ ಗುಳಿಗೆಯ ಕೆಲಸವನ್ನು ಕೆಡಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತನ್ನು ಚುರುಕು ಮಾಡಿ ಖಿನ್ನತೆಯ ಕೆಲವು ಗುಳಿಗೆಗಳನ್ನು ಬೇಗ ಕರಗಿಸುತ್ತದೆ. (ವಿಚಿತ್ರವೆಂದರೆ ಖಿನ್ನತೆಯ ಮೊದಲ ಔಷಧಗಳಲ್ಲೊಂದಾದ ಇಪ್ರೊನಿಯಾಜಿಡ್ ಹೊರಬಂದದ್ದು 1950ರ ದಶಕದ ಕ್ಷಯದ ವಾರ್ಡುಗಳಿಂದಲೇ.) ಯಾವ ಕಾಯಿಲೆಗೆ ಏನು ನುಂಗುತ್ತಿದ್ದೇವೆ ಎಂಬುದನ್ನು ಎರಡೂ ಕಡೆಯ ವೈದ್ಯರಿಗೆ ಹೇಳಬೇಕು.

ಪರೀಕ್ಷೆಗೆ ಸಿಗದ ಕಾರಣವೂ ಇದೆ: ಬೆಳೆ ಹಾಳಾದ ವರ್ಷಗಳ ಸಂಕಟ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಳು. 2022ರ ಹಂಗಾಮಿನಲ್ಲಿ ತೊಗರಿಗೆ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಸಾಧಾರಣ ವರ್ಷದ ದುಃಖಕ್ಕೆ ಸಾಲುತ್ತಿದ್ದ ಹತ್ತು ಮಿಲಿಗ್ರಾಂ ಅಂಥ ವರ್ಷಕ್ಕೆ ಸಾಲದೆ ಹೋದರೆ ಅದು ಗುಳಿಗೆಯ ಸೋಲೆಂದು ನನಗನ್ನಿಸುವುದಿಲ್ಲ. ಸಾಲದ ಕಂತನ್ನು ಯಾವ ಡೋಸೂ ತೀರಿಸದು. ಹಾಗೆಂದು ಡೋಸು ಏರಿಸುವುದು ವ್ಯರ್ಥವೆಂದೂ ಅಲ್ಲ: ನಿದ್ದೆ ಮರಳಿದ ಮನುಷ್ಯ ಬ್ಯಾಂಕಿನವನ ಮುಂದೆ ಕೂತು ಮಾತಾಡಬಲ್ಲ.

ವೈದ್ಯರ ಕೈಯಲ್ಲಿ ದಾರಿಗಳಿವೆ. ಡೋಸು ಏರಿಸುತ್ತಾರೆ, ಬೇರೆ ಜಾತಿಯ ಗುಳಿಗೆಗೆ ಬದಲಿಸುತ್ತಾರೆ, ಲೀಥಿಯಂನಂಥದ್ದನ್ನು ಜೊತೆಗೂಡಿಸುತ್ತಾರೆ, ಆಪ್ತಸಮಾಲೋಚನೆಗೆ ಕಳಿಸುತ್ತಾರೆ. ಕೆಲವೊಮ್ಮೆ ರೋಗದ ಹೆಸರನ್ನೇ ಮರಳಿ ವಿಚಾರಿಸಬೇಕಾಗುತ್ತದೆ. ನಡುನಡುವೆ ಅತಿ ಉಮೇದು, ನಿದ್ದೆಯೇ ಬೇಡವೆನ್ನುವ ದಿನಗಳು ಬಂದುಹೋಗಿದ್ದರೆ ಅದು ಬೈಪೋಲಾರ್ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಇದನ್ನು ನೆನಪಿಟ್ಟು ಹೇಳುವವರು ಸಾಮಾನ್ಯವಾಗಿ ಹೆಂಡತಿ ಅಥವಾ ತಾಯಿ; ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬಾರದು.

ಹೊಸ ಗುಳಿಗೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆ ನಡುವೆ ಸಾಯುವ ಮಾತು ಬಂದರೆ ಮುಂದಿನ ಮಂಗಳವಾರಕ್ಕೆ ಕಾಯುವುದು ಬೇಡ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಬೇಕಿಲ್ಲ. ಮತ್ತು ತೊಗರಿಗೆ ಹೊಡೆಯಲು ತಂದ ಎಣ್ಣೆಯ ಡಬ್ಬಿಯನ್ನು ಆ ವಾರಗಳಲ್ಲಿ ತಮ್ಮನ ಮನೆಯಲ್ಲೋ ಪಕ್ಕದವರಲ್ಲೋ ಬೀಗ ಹಾಕಿ ಇಡಿಸಿ.