ಚರಗದ ಬುಟ್ಟಿಯಲ್ಲಿ ಯಾರ ಪಾಲು?

ಎಳ್ಳ ಅಮಾವಾಸ್ಯೆಯ ದಿನ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಒಕ್ಕಲು ಮನೆಗಳಲ್ಲಿ ಬೆಳಗಾಗುವ ಮೊದಲೇ ಒಲೆ ಹೊತ್ತಿರುತ್ತದೆ. ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ ಎಲ್ಲ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಆ ಅಡುಗೆಯಲ್ಲೇ ಒಂದಿಷ್ಟನ್ನು ಬೆಳೆಯ ನಡುವೆ ಚರಗವಾಗಿ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು ವಾಡಿಕೆ. ಜೋಳದ ಹೊಲಗಳು ಕಬ್ಬಿನ ಹೊಲಗಳಾದ ಮೇಲೂ ಇದು ನಿಂತಿಲ್ಲ. ಹಾಸ್ಟೆಲಿನಿಂದ ಬಂದ ಡಿಗ್ರಿ ಓದುವ ಮಗನೊಬ್ಬ ಬುಟ್ಟಿ ಹೊತ್ತು ನಡೆಯುತ್ತಾನೆ ಎನ್ನೋಣ. ಚರಗದಿಂದ ಭೂತಾಯಿ ತೃಪ್ತಳಾಗುತ್ತಾಳೆ ಎಂಬ ನಂಬಿಕೆ ಅವನಿಗಿಲ್ಲ. ಹಾಗಾದರೆ ಈ ಆಚರಣೆಯಿಂದ ಅವನಿಗೆ ದಕ್ಕುವುದೇನು? ಸಂಸ್ಕಾರ, ನೆಮ್ಮದಿ ಎಂಬ ಉತ್ತರ ಹಿರಿಯರ ಬಾಯಲ್ಲಿ ಸಿದ್ಧವಿರುತ್ತದೆ. ನೆಮ್ಮದಿ ಸಿಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ನಂಬಿಕೆಯಿಂದಾಗಲಿ, ವರ್ಷವರ್ಷವೂ ಮಾಡಿದ್ದನ್ನೇ ಮಾಡುವುದರಿಂದಾಗಲಿ ಬರುವುದಿಲ್ಲ. ತಾನಿಲ್ಲದಿದ್ದರೆ ಕೊರತೆಯಾಗುವ ಕೆಲಸವೊಂದರಲ್ಲಿ ತನ್ನ ಪಾಲಿದೆ ಎಂಬ ಅರಿವಿನಿಂದ ಬರುತ್ತದೆ ಎಂಬುದು ನನ್ನ ವಾದ.

ಇದು ಬರೀ ಊಹೆಯಲ್ಲ. ಕುಟುಂಬದ ಆಚರಣೆಗಳನ್ನು ಗಂಭೀರ ಅಧ್ಯಯನದ ವಿಷಯವಾಗಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಬೊಸಾರ್ಡ್ ಮತ್ತು ಬೋಲ್. ಅವರ ಪುಸ್ತಕ ಬಂದದ್ದು 1950ರಲ್ಲಿ. ಅಲ್ಲಿಂದ ಮುಂದಿನ ಐವತ್ತು ವರ್ಷಗಳ 32 ಅಧ್ಯಯನಗಳನ್ನು ಮನೋವಿಜ್ಞಾನಿ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಪರಾಮರ್ಶಿಸಿದರು. ದಿನಚರಿ ಬೇರೆ, ಆಚರಣೆ ಬೇರೆ ಎಂದು ಅವರು ಗೆರೆ ಎಳೆದರು: ಹೊತ್ತಿಗೆ ಸರಿಯಾಗಿ ಉಣ್ಣುವುದು ದಿನಚರಿ, 'ನಾವು ಇಂಥವರು' ಎಂದು ಹೇಳಿಕೊಳ್ಳುವಂತೆ ಉಣ್ಣುವುದು ಆಚರಣೆ. ಹದಿಹರೆಯದ ಮಕ್ಕಳ ಬಗ್ಗೆ ಫೀಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ವ್ಯಕ್ತಿತ್ವದ ಗಟ್ಟಿತನಕ್ಕೆ ಹೆಚ್ಚು ಹತ್ತಿರವಾಗಿ ಕಂಡದ್ದು ಆಚರಣೆಯ ನಿಯಮವಲ್ಲ, ಅದರಲ್ಲಿ ಅವರು ಕಂಡುಕೊಂಡ ಅರ್ಥ. ಸುಖವಾಗಿರುವ ಮನೆಯವರೇ ಹಬ್ಬ ಚೆನ್ನಾಗಿ ಮಾಡುತ್ತಾರೆ, ಹಬ್ಬದಿಂದ ಸುಖ ಬಂತೆಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪ ನ್ಯಾಯವಾದದ್ದೇ. ಇಂಥ ಸಂಶೋಧನೆ ಬಹುಪಾಲು ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನಲ್ಲ. ಆದರೂ ಸ್ಟೀವನ್ ವೋಲಿನ್, ಲಿಂಡಾ ಬೆನೆಟ್ ಮತ್ತು ಜೊತೆಗಾರರ 1980ರ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. ಅವರು ನೋಡಿದ್ದು ಸುಖೀ ಕುಟುಂಬಗಳನ್ನಲ್ಲ, ಕುಡಿತಕ್ಕೆ ಸಿಕ್ಕ ಕುಟುಂಬಗಳನ್ನು. ತಂದೆಯೋ ತಾಯಿಯೋ ಕುಡಿಯುತ್ತಿದ್ದರೂ ಹಬ್ಬ, ಊಟ, ಪದ್ಧತಿಗಳನ್ನು ಕುಡಿತಕ್ಕೆ ಬಿಟ್ಟುಕೊಡದ ಮನೆಗಳಲ್ಲಿ ಆ ಚಟ ಮಕ್ಕಳಿಗೆ ದಾಟಿದ್ದು ಕಡಿಮೆ. ಅಧ್ಯಯನ ಚಿಕ್ಕದು, ದೂರದೇಶದ್ದು. ಆದರೂ ನೋವಿರುವ ಮನೆಯಲ್ಲೂ ಆಚರಣೆ ತಾನೇ ಒಂದು ಕೆಲಸ ಮಾಡುತ್ತದೆ ಎಂಬ ಸುಳಿವು ಅದರಲ್ಲಿದೆ.

ಆ ಕೆಲಸ ಕಾಲೇಜಿನ ವಯಸ್ಸಿಗೆ ಯಾಕೆ ಹೆಚ್ಚು ಬೇಕು? ರಬಕವಿ-ಬನಹಟ್ಟಿಯ ನೇಕಾರ ಮನೆಯಲ್ಲಿ ಮಗ್ಗ ಇರುವುದು ಮನೆಯೊಳಗೇ. ಚಿಕ್ಕಂದಿನಲ್ಲಿ ಕಂಡಿಕೆ ಸುತ್ತಿಯಾದರೂ ಮಗು ಆ ಮನೆಯ ದುಡಿಮೆಗೆ ಕೈ ಜೋಡಿಸಿರುತ್ತದೆ. ಡಿಗ್ರಿಗೆ ಸೇರಿದ ಮೇಲೆ 'ನೀ ಓದ್ಕೊ, ಬ್ಯಾರೇದು ನಾವು ನೋಡ್ಕೋತೀವಿ' ಎನ್ನುತ್ತಾರೆ. ಪ್ರೀತಿಯಿಂದ ಆಡಿದ ಈ ಮಾತಿನಲ್ಲೇ ಮಗ ಮನೆಯ ಪಾಲುದಾರನ ಸ್ಥಾನ ಕಳೆದುಕೊಂಡು ಮನೆಯ ಹೂಡಿಕೆಯಾಗಿಬಿಡುತ್ತಾನೆ. ಅಂಕ ಬಂದರೆ ಲಾಭ, ಬ್ಯಾಕ್ ಉಳಿದರೆ ನಷ್ಟ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಒಂದೊಂದು ಸಾವಿನ ಹಿಂದೆಯೂ ಹಲವು ಕಾರಣಗಳಿರುತ್ತವೆ. ಹಬ್ಬ ಮಾಡಿದ್ದರೆ ಬದುಕುತ್ತಿದ್ದರು ಎನ್ನುವುದು ಮೂರ್ಖತನ, ಖಿನ್ನತೆಗೆ ಬೇಕಾದದ್ದು ವೈದ್ಯರು. ನಾನು ಹೇಳುವುದು ಅದಕ್ಕಿಂತ ಚಿಕ್ಕ ಮಾತು: ಫಲಿತಾಂಶದ ಲೆಕ್ಕವಿಲ್ಲದೆ ಬೇಕಾದವನಾಗುವ ಅವಕಾಶ ಈ ವಯಸ್ಸಿನಲ್ಲಿ ಬಹಳ ಕಡಿಮೆ. ಚರಗ ಚೆಲ್ಲುವುದಕ್ಕೆ ಪರ್ಸೆಂಟ್ ಬೇಕಿಲ್ಲ. (ಉಣ್ಣಲು ಕೂತಾಗ ಸೋದರಮಾವ 'ಏನಪಾ, ಎಷ್ಟು ಪರ್ಸೆಂಟ್ ಆತು?' ಎಂದು ಶುರುಮಾಡಿದರೆ ಅಂದಿನ ಪುಣ್ಯವೆಲ್ಲ ಅಲ್ಲೇ ಕರಗಿತು.) ದಸರೆಯಲ್ಲಿ ಬನ್ನಿ ಕೊಡುವುದಕ್ಕೂ, ರಂಜಾನಿನಲ್ಲಿ ಇಫ್ತಾರಿಗೆ ತಟ್ಟೆ ಜೋಡಿಸುವುದಕ್ಕೂ ಈ ಮಾತು ಸಲ್ಲುತ್ತದೆ.

ಇನ್ನು ನಂಬಿಕೆಯ ಪ್ರಶ್ನೆ. ನಂಬದೆ ಮಾಡುವುದು ಆಷಾಢಭೂತಿತನವಲ್ಲವೇ? ನಮ್ಮ ದರ್ಶನಗಳಲ್ಲೇ ಇದಕ್ಕೆ ಎರಡು ಉತ್ತರಗಳಿವೆ. ಪೂರ್ವಮೀಮಾಂಸಕರಿಗೆ ಕರ್ಮವೇ ಮುಖ್ಯ, ದೇವತೆ ಅದಕ್ಕೆ ಅಂಗ ಮಾತ್ರ. ಈ ಉತ್ತರಕ್ಕೆ ಎದುರಾಗಿ ನಿಂತವರು ಇದೇ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು. ಒಳಗೆ ಹುರುಳಿಲ್ಲದ ಕರ್ಮವನ್ನು ಹನ್ನೆರಡನೆಯ ಶತಮಾನದ ಶರಣರಷ್ಟು ಕಟುವಾಗಿ ಹಂಗಿಸಿದವರು ವಿರಳ. ಹಾಗಾದರೆ ಶರಣರ ನಾಡಿನಲ್ಲಿ ಕೂತು ಆಚರಣೆಯ ಪರ ವಕಾಲತ್ತು ಮಾಡುವುದು ಹೇಗೆ? ಶರಣರು ಪೂಜೆಯನ್ನು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಗುಡಿಯಿಂದ, ಪುರೋಹಿತನಿಂದ ಬಿಡಿಸಿ ಅದನ್ನು ಒಬ್ಬೊಬ್ಬರ ಅಂಗೈ ಮೇಲಿಟ್ಟರು; ಹೆಣ್ಣಿಗೂ ಕೊಟ್ಟರು, ಕೀಳೆನಿಸಿಕೊಂಡವರಿಗೂ ಕೊಟ್ಟರು. ಬೇರೊಬ್ಬ ಮಾಡಿದ್ದನ್ನು ಕೈಕಟ್ಟಿ ನೋಡುವುದು ಅವರಿಗೆ ಸಮ್ಮತವಿರಲಿಲ್ಲ. ನನ್ನ ವಾದ ಈ ದಾರಿಗೆ ಹತ್ತಿರದ್ದು. ಹಣ ಕೊಟ್ಟು ಐನೋರಿಂದ ಮಾಡಿಸಿ, ಮಗನನ್ನು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರಲು ಬಿಟ್ಟ ಪೂಜೆಯಿಂದ ಆ ಮಗನಿಗೆ ಏನೂ ದಕ್ಕುವುದಿಲ್ಲ. ಸಂಶಯ ಇಟ್ಟುಕೊಂಡೇ ಬುಟ್ಟಿ ಹೊತ್ತವನಿಗೆ ದಕ್ಕಬಹುದು. ನೆಮ್ಮದಿಗಾಗಿಯೇ ಆಚರಣೆ ಮಾಡಿ ಎಂದು ಮಕ್ಕಳಿಗೆ ಬೋಧಿಸುವುದೂ ನನಗೆ ಅಷ್ಟಾಗಿ ಒಗ್ಗದು. ಆಗ ಅದೂ ಮಾತ್ರೆಯಾಗುತ್ತದೆ, ಗುಣ ಕಾಣದಿದ್ದರೆ ಬಿಡುವುದೇ ಸರಿ ಎನಿಸುತ್ತದೆ.

ನಿಜಕ್ಕೂ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳದ್ದು. ಪಾಲು ಎಂದು ನೀವು ಹೊಗಳುವುದು ನಮಗೆ ಬರೀ ದುಡಿತ ಎಂದು ಅವರು ಹೇಳಬಹುದು. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ದಿನವೂ ಹೋಳಿಗೆ ಲಟ್ಟಿಸುವವಳು ಮಗಳೇ. ಮುಟ್ಟಾದರೆ ದೇವರ ಮನೆಯ ಹೊರಗೆ ನಿಲ್ಲುವವಳೂ ಅವಳೇ. ಗಂಡ ತೀರಿದ ತಾಯಿಗೆ ಉಡಿ ತುಂಬದೆ ಅತ್ತ ಸರಿಸುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿನಿಗೆ ಆ ಆಚರಣೆ ನೆಮ್ಮದಿ ಕೊಡುತ್ತದೆ ಎನ್ನುವುದು ಕ್ರೌರ್ಯ. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಪಾಲಿನಿಂದ ನೆಮ್ಮದಿ ಎಂಬ ವಾದ ನಿಜವಾದರೆ, ಪಾಲು ಕೊಡದೆ ದುಡಿಸಿಕೊಳ್ಳುವ ಆಚರಣೆಯಿಂದ ಗಾಯವಾಗುತ್ತದೆ ಎಂಬುದೂ ಅದರ ಜೊತೆಗೇ ನಿಜವಾಗಬೇಕು. ಹಿಂದಿನಿಂದ ಬಂದದ್ದು, ಬದಲಿಸಬಾರದು ಎನ್ನುವವರು ಬೀಳಗಿ ತಾಲ್ಲೂಕಿನ ಕಡೆ ನೋಡಬೇಕು. ಆಲಮಟ್ಟಿಯ ಹಿನ್ನೀರು ಅಲ್ಲಿ ಊರುಗಳನ್ನೂ ಹೊಲಗಳನ್ನೂ ನುಂಗಿತು. ಪುನರ್ವಸತಿ ಕೇಂದ್ರಗಳಿಗೆ ಹೋದ ಮನೆತನಗಳು ಹೊಸ ಜಾಗದಲ್ಲಿ ಗುಡಿ ಕಟ್ಟಿಕೊಂಡು ಹಬ್ಬ ಮುಂದುವರಿಸಿದವು. ಹೊಲ ಮುಳುಗಿದಾಗ ಜಾಗ ಬದಲಿಸಲು ಒಪ್ಪಿದ ದೇವರು, ಮಗಳನ್ನು ಒಳಗೆ ಕರೆಯಲು ಮಾತ್ರ ಒಪ್ಪುವುದಿಲ್ಲ ಎಂದು ಹೇಳುತ್ತಿರುವವರು ಮನೆಯ ಹಿರಿಯರೇ. ಅವಳು ಕೇಳಬೇಕಾದದ್ದೂ ಅವರನ್ನೇ.