ಕಿವಿಯೊಳಗಣ ಆಕಾಶ

ಕೊಂಡಜ್ಜಿಯ ಗುಡ್ಡ ಮತ್ತು ಕೆರೆಯ ಆಸುಪಾಸಿನ ಹಳ್ಳಿಗಳಲ್ಲಿ ಮಗುವಿನ ಕಿವಿ ಸೋರತೊಡಗಿದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುವುದೂ, ಆ ಮಗು ದೊಡ್ಡದಾಗಿ ಅಲ್ಲಿನ ಸ್ಕೌಟ್ ಶಿಬಿರದ ಸೀಟಿಗೂ ತಿರುಗದಷ್ಟು ಮಂದಶ್ರವಣವಾದಾಗ “ಹಣೇಬರಹ, ಏನ್ ಮಾಡಾಕಾಗ್ತತಿ” ಎಂದು ನಿಟ್ಟುಸಿರಿಡುವುದೂ ಹೊಸತಲ್ಲ. ಎಣ್ಣೆಯ ವಿಚಾರ ವೈದ್ಯರಿಗಿರಲಿ. ಅವರು ಅದನ್ನು ಕೂಡದೆಂದೇ ಹೇಳುವರು. ಹಣೆಬರಹದ ಮಾತನ್ನಾದರೋ ಬರಿಯ ಅಜ್ಞಾನವೆಂದು ತಳ್ಳಿಬಿಡುವಂತಿಲ್ಲ, ಅದರ ಬೆನ್ನಿಗೆ ಗಂಭೀರವಾದೊಂದು ದರ್ಶನವೇ ನಿಂತಿದೆ.

ವೈಶೇಷಿಕ ದರ್ಶನದ ಆಚಾರ್ಯನಾದ ಪ್ರಶಸ್ತಪಾದನ ಮತದಲ್ಲಿ ಶ್ರೋತ್ರೇಂದ್ರಿಯವೆಂಬುದು ಕಿವಿಯ ರಂಧ್ರದಿಂದ ಪರಿಚ್ಛಿನ್ನವಾದ ಆಕಾಶವೇ ಹೊರತು ಬೇರೊಂದು ವಸ್ತುವಲ್ಲ. ಆಕಾಶವೋ ನಿತ್ಯವಾದುದು, ಸರ್ವವ್ಯಾಪಿಯಾದುದು, ಕೊಳೆಯಲಾರದು, ಹರಿಯಲಾರದು. ಹಾಗಿದ್ದಮೇಲೆ ಕಿವುಡು ಎಲ್ಲಿಂದ ಬಂದಿತು? ಆ ಆಕಾಶದ ತುಣುಕನ್ನು ಜೀವಾತ್ಮನ ಭೋಗಕ್ಕೆಂದು ಕಟ್ಟಿಕೊಟ್ಟಿರುವ ಧರ್ಮಾಧರ್ಮಗಳು, ಎಂದರೆ ಹಿಂದಿನ ಕರ್ಮದ ಪುಣ್ಯಪಾಪಗಳು, ವಿಕಲವಾದುದರಿಂದ, ಎಂಬುದು ಆತನ ಸಮಾಧಾನ. ಕೇಳುವ ಆಕಾಶ ಕೆಡಲಿಲ್ಲ, ಕಟ್ಟು ಸಡಿಲಿತು. ಇದಕ್ಕಿಂತ ಅಚ್ಚುಕಟ್ಟಾದ ಉತ್ತರವನ್ನು ಆ ಕಾಲದಲ್ಲಿ ಯಾರು ಕೊಡಬಲ್ಲವರಾಗಿದ್ದರು?

ಈಗ ಶಸ್ತ್ರವೈದ್ಯನ ಮೇಜಿನ ಬಳಿಗೆ ಹೋಗೋಣ. ಕಿವಿಯ ತಮಟೆಯು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪದ ಪೊರೆ. ಅದು ಹಿಡಿದ ಕಂಪನವು ಮೂರು ಪುಟ್ಟ ಎಲುಬುಗಳ ಮೂಲಕ ತಮಟೆಗಿಂತ ಸುಮಾರು 17 ಪಟ್ಟು ಕಿರಿದಾದ ಕಿಂಡಿಯೊಂದರ ಮೇಲೆ ಬೀಳುವುದರಿಂದ ಅದರ ಒತ್ತಡ ಬಲಗೊಳ್ಳುತ್ತದೆ. ಸೋರುವ ಕಿವಿಯಲ್ಲಿರುವಂತೆ ಪೊರೆ ತೂತಾದರೆ ಈ ಬಲವೇ ನಷ್ಟ. 1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ಎಂಬವರು ಸೂಕ್ಷ್ಮದರ್ಶಕದ ನೆರವಿನಿಂದ ರೂಢಿಗೆ ತಂದ, ಆ ತೂತನ್ನು ತೇಪೆಹಾಕಿ ಮುಚ್ಚುವ ಚಿಕಿತ್ಸೆಯು ಇಂದು ನಮ್ಮ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ನಿತ್ಯದ ಕೆಲಸವಾಗಿದೆ. ಕೊಂಡಜ್ಜಿಯವರಿಗೆ ಹತ್ತಿರದ ದಾವಣಗೆರೆಯಲ್ಲಿಯೇ 1965ರಿಂದ ಅಂಥ ಕಾಲೇಜೊಂದಿದೆ. ಕಿವಿಯ ಮೇಲ್ಭಾಗದ ಕಣತಲೆಯ ಸ್ನಾಯುವನ್ನು ಹೊದೆದಿರುವ ಬಿಳಿಯ ತೆಳುಪೊರೆಯನ್ನು ಬಿಡಿಸಿ, ಒಣಗಿಸಿ, ಕತ್ತರಿಸಿ, ತೂತಿನ ಒಳಮಗ್ಗುಲಿಗೆ ಹೊಂದಿಸಿಡುತ್ತಾರೆ. ಅದಕ್ಕೂ ಮುನ್ನ ಮಾಡುವುದೊಂದುಂಟು: ಹಳೆಯ ತೂತಿನ ಅಂಚಿನಲ್ಲಿ ಚರ್ಮ ಸುತ್ತಿಬೆಳೆದು, ದೇಹವು ಅದನ್ನು ಗಾಯವೆಂದೇ ಮರೆತಿರುತ್ತದೆ, ವೈದ್ಯನು ಆ ಅಂಚನ್ನು ಸೂಜಿಯಿಂದ ಕೆತ್ತಿ ಮತ್ತೆ ಹಸಿಗಾಯವನ್ನಾಗಿಸುತ್ತಾನೆ. ಇಟ್ಟ ಪೊರೆಯಾದರೂ ತಾನೇ ತಮಟೆಯಾಗುವುದಿಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ರೋಗಿಯ ಸ್ವಂತ ಚರ್ಮವು ವಾರಗಟ್ಟಲೆ ಹಬ್ಬಿ ತೂತನ್ನು ಮುಚ್ಚಬೇಕು. ಅಷ್ಟು ದಿನ ಕಿವಿಗೆ ನೀರು ತಾಗಬಾರದು, ಮೂಗನ್ನು ಜೋರಾಗಿ ಸೀನಬಾರದು. ಕೆರೆಯ ದಂಡೆಯ ಹುಡುಗರಿಗೆ ಇದೇ ಕಠಿನವಾದ ವ್ರತ!

ಪ್ರಶಸ್ತಪಾದನು ಹೇಳಿದ ಕಟ್ಟು ಇಲ್ಲಿ ಕಣ್ಣಿಗೆ ಕಾಣುವ ಪೊರೆಯಾಗಿಬಿಟ್ಟಿತು. ಹಾಗಾದರೆ ವೈದ್ಯನು ತಿದ್ದಿದ್ದು ಮಗುವಿನ ಕರ್ಮವನ್ನೇ? ಆ ವೈದ್ಯನು ದೊರೆತದ್ದೂ ಪೂರ್ವಪುಣ್ಯವೇ ಎಂದು ಕರ್ಮವಾದಿಯು ಹೇಳಬಹುದು, ಹೇಳುತ್ತಲೂ ಇದ್ದಾನೆ. ಆದರೆ ಸೋರಿದ್ದನ್ನೂ ಮುಚ್ಚಿದ್ದನ್ನೂ ಒಂದೇ ಸಲೀಸಿನಿಂದ ವಿವರಿಸುವ ತತ್ತ್ವವು ದಾವಣಗೆರೆಯ ಬಸ್ಸನ್ನು ಹತ್ತಬೇಕೋ ಬೇಡವೋ ಎಂಬುದನ್ನು ಮಾತ್ರ ಹೇಳಲಾರದು. ನನಗೆ ಅದಕ್ಕಿಂತ ಹೆಚ್ಚು ಬೇಸರವಾಗುವುದು ಇನ್ನೊಂದು ಕಾರಣಕ್ಕೆ. ತೀರದ ನೆಗಡಿ, ಅರ್ಧಕ್ಕೆ ನಿಂತ ಔಷಧ, ಹೆಣ್ಣುಮಗುವಿನ ಕಿವಿ ತಾನೇ ಎಂಬ ತಾತ್ಸಾರ ಇವೆಲ್ಲ ಈ ಜನ್ಮದ ಕಾರಣಗಳು. ಹೋದ ಜನ್ಮದ ಹೆಸರೆತ್ತಿದೊಡನೆ ಇವುಗಳಿಗೆಲ್ಲ ಕ್ಷಮಾದಾನವಾಗಿಬಿಡುತ್ತದೆ. ಒಳಗಿವಿಯ ನರವೇ ಕುಂದಿದವರಿಗೆ ಈ ಚಿಕಿತ್ಸೆಯಿಂದ ಫಲವಿಲ್ಲವೆಂಬುದು ನಿಜ; ಅದೃಷ್ಟವಾದಿಯು ಅಲ್ಲಿಗೆ ಸರಿದು ನಿಲ್ಲಲಿ, ನನ್ನದೇನೂ ಅಡ್ಡಿಯಿಲ್ಲ.

ಈ ಜಗಳವನ್ನು ನಮ್ಮವರೇ ಹಿಂದೆ ಆಡಿ ಮುಗಿಸಿದ್ದರು. ಚರಕಸಂಹಿತೆಯಲ್ಲಿ ಗಂಗಾತೀರದಲ್ಲಿ ಅಡ್ಡಾಡುತ್ತಿದ್ದ ಆತ್ರೇಯನನ್ನು ಶಿಷ್ಯನಾದ ಅಗ್ನಿವೇಶನು ಆಯುಸ್ಸೆಲ್ಲ ಮೊದಲೇ ನಿಯತವೇ ಎಂದು ಕೇಳುತ್ತಾನೆ. ದುರ್ಬಲವಾದ ದೈವವನ್ನು ಪುರುಷಪ್ರಯತ್ನವು ಮೀರುತ್ತದೆ, ಪ್ರಬಲವಾದುದು ಪ್ರಯತ್ನವನ್ನೇ ಮೀರುತ್ತದೆಯೆಂದು ಹೇಳಿದ ಗುರುವು, ಎಲ್ಲವೂ ನಿಯತವಾಗಿದ್ದಲ್ಲಿ ಕೆರಳಿದ ಆನೆ-ಗೂಳಿಗಳಿಗೆ ಯಾರೂ ಹೆದರಿ ಸರಿಯಬೇಕಾಗಿರಲಿಲ್ಲವಲ್ಲ ಎಂದೂ ಸೇರಿಸುತ್ತಾನೆ. ಹಣೇಬರಹವೆಂದು ಕೈಚೆಲ್ಲಿ ಕುಳಿತ ತಂದೆಯೂ ಹರಿಹರದ ಪಿ. ಬಿ. ರಸ್ತೆಯನ್ನು ಎರಡೂ ಕಡೆ ನೋಡಿಯೇ ದಾಟುತ್ತಾನೆ.