ಸುಮ್ಮನಾದ ನಾಯಿ

‘ಇಪ್ಪತ್ತೊಂದು ದಿನ ನಮ್ಮಲ್ಲಿ ಬಿಟ್ಟು ಹೋಗಿ ಸಾರ್. ವಾಪಸ್ ಕರ್ಕೊಂಡು ಹೋದ ಮೇಲೆ ಬೊಗಳಿದರೆ ದುಡ್ಡು ವಾಪಸ್’ ಅಂದಿದ್ದ ಆತ. ಆಗ ನನಗೆ ಅದು ಬಹಳ ವೃತ್ತಿಪರವಾದ ಮಾತು ಅನ್ನಿಸಿತ್ತು. ಗಡುವು ಇದೆ, ಗ್ಯಾರಂಟಿ ಇದೆ, ಇನ್ನೇನು ಬೇಕು? ಸಾಫ್ಟ್‌ವೇರಿನವರಿಗೆ ಡೆಡ್‌ಲೈನ್ ಕೇಳಿದರೇ ಅರ್ಧ ಸಮಾಧಾನ.

ನಾಯಿಯ ಹೆಸರು ಕೆಂಚ. ವಜ್ರಳ್ಳಿಯ ನಮ್ಮ ಮನೆ ಕೊಟ್ಟಿಗೆಯಲ್ಲಿ ಹುಟ್ಟಿದ ಐದು ಮರಿಗಳಲ್ಲಿ ಒಂದು. ಊರಿನ ಒಂದು ತುಂಡು ಜೊತೆಗಿರಲಿ ಅಂತ ಬೆಂಗಳೂರಿಗೆ ತಂದೆ. ಮನೆಯಿಂದ ಕೆಲಸ ಮಾಡುವಷ್ಟು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಆಫೀಸಿಗೆ ಬನ್ನಿ ಅಂದರು. ನಾನು, ಹೆಂಡತಿ ಇಬ್ಬರೂ ಬಾಗಿಲು ಹಾಕಿಕೊಂಡು ಹೊರಟರೆ ಕೆಂಚ ಮೂರನೇ ಮಹಡಿಯಿಂದ ಸಂಜೆಯವರೆಗೂ ಕೂಗುತ್ತಿದ್ದ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬೇಸರ, ಆಮೇಲೆ ಸಿಟ್ಟು, ಕೊನೆಗೆ ‘ನಿಯಮ’ ಶುರುವಾಯಿತು. ಸಾಕುನಾಯಿಗಳನ್ನು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ನಿಜ. ಆದರೆ ಕೆಳಗಿನ ಮನೆಯ ಅಜ್ಜನಿಗೆ ಆ ಸುತ್ತೋಲೆ ಓದಿ ಹೇಳಿದರೆ ಮಧ್ಯಾಹ್ನದ ನಿದ್ದೆ ಬರುತ್ತದೆಯೇ?

ಹಾಗಾಗಿ ಕೆಂಚನನ್ನು ಬಿಟ್ಟು ಬಂದೆ. ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಕರೆದುಕೊಂಡು ಬಂದೆ. ಬೊಗಳಲಿಲ್ಲ. ಗುಂಪಿನಲ್ಲಿ ಹೆಬ್ಬೆರಳುಗಳು ಬಂದವು. ನಾನು ಗೂಗಲ್‌ನಲ್ಲಿ ಐದು ನಕ್ಷತ್ರ ಕೊಟ್ಟು ನಾಲ್ಕು ಸಾಲು ಹೊಗಳಿಯೂ ಬರೆದೆ.

ದೀಪಾವಳಿಗೆ ಊರಿಗೆ ಹೋದೆವು. ತೋಟಕ್ಕೆ ಮಂಗಗಳು ಬಂದವು, ಉಳಿದ ನಾಯಿಗಳು ಓಡಿದವು, ಕೆಂಚ ಜಗಲಿಯ ಮೂಲೆ ಬಿಟ್ಟು ಏಳಲಿಲ್ಲ. ಸಂಜೆ ಅಪ್ಪಯ್ಯ ಸೊಂಟದ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕುವಾಗ ಅದರ ಕೊಕ್ಕೆ ಠಣ್ ಅಂತು. ಅಷ್ಟೇ. ಕೆಂಚ ಕೂತಲ್ಲೇ ಉಚ್ಚೆ ಹೊಯ್ದುಕೊಂಡ.

‘ಕೆಂಚಂಗೆ ಎಂತಾ ಆಜು?’ ಅಪ್ಪಯ್ಯ ಕೇಳಿದ.

‘ಟ್ರೇನಿಂಗ್ ಕೊಡ್ಸಿದ್ದೆ ಅಪ್ಪಯ್ಯ. ಈಗ ಕೂಗ್ತಿಲ್ಲೆ.’

ಅಪ್ಪಯ್ಯ ಸ್ವಲ್ಪ ಹೊತ್ತು ಅದನ್ನೇ ನೋಡಿ ಹೇಳಿದ: ‘ಕಲ್ತ್ಕಂಡು ಬಂಜಿಲ್ಲೆ ತಮಾ, ಹೆದ್ರಕಂಡು ಬಂಜು.’

ಮರುದಿನ ತರಬೇತುದಾರನಿಗೆ ಫೋನ್ ಮಾಡಿ, ಏನು ಮಾಡಿದಿರಿ ಅಂತ ಕೇಳಿದೆ. ‘ಅದು ನಮ್ಮ ಟೆಕ್ನಿಕ್ ಸಾರ್. ರಿಸಲ್ಟ್ ಬಂತಲ್ವಾ?’ ಅಂದ. ಸಿಟ್ಟು ಬಂತು. ಆದರೆ ಫೋನ್ ಇಟ್ಟ ಮೇಲೆ ಕಾಡಿದ್ದು ಅವನ ಮಾತಲ್ಲ, ನನ್ನ ಪ್ರಶ್ನೆ. ಅದನ್ನು ನಾನು ಬಿಟ್ಟು ಬರುವ ಮೊದಲು ಯಾಕೆ ಕೇಳಲಿಲ್ಲ? ಮೊಬೈಲ್ ಕೊಳ್ಳುವಾಗ ಹತ್ತು ವಿಮರ್ಶೆ ಓದುವವನು ನಾನು. ಕೇಳದೆ ಇದ್ದದ್ದು ಮರೆತು ಅಲ್ಲ. ಉತ್ತರ ಗೊತ್ತಾದರೆ ನಾಯಿಯನ್ನು ಬಿಟ್ಟು ಬರಲಾಗುವುದಿಲ್ಲ ಎಂಬ ಅನುಮಾನ ಒಳಗೆಲ್ಲೋ ಇತ್ತು. ನಾನು ದುಡ್ಡು ಕೊಟ್ಟಿದ್ದು ತರಬೇತಿಗೆ ಮಾತ್ರವಲ್ಲ, ನನಗೆ ಗೊತ್ತಾಗದಂತೆ ನೋಡಿಕೊಳ್ಳುವುದಕ್ಕೂ.

ಒಳ್ಳೆಯ ತರಬೇತುದಾರನನ್ನು ಆರಿಸುವುದು ಬರೀ ಗ್ರಾಹಕನ ಜಾಣತನದ ವಿಷಯ ಅಂದುಕೊಂಡಿದ್ದೆ. ಅಲ್ಲ. ನಾನಿಲ್ಲದ ಜಾಗದಲ್ಲಿ, ನನ್ನ ಹೆಸರಿನಲ್ಲಿ, ಆಮೇಲೆ ಬಂದು ಹೇಳಲಾರದ ಜೀವಕ್ಕೆ ಏನು ಮಾಡಬಹುದು ಎಂದು ಅನುಮತಿ ಕೊಡುವ ವಿಷಯ. ಕೈ ಅವನದಿರಬಹುದು, ಹೊಣೆ ಅಲ್ಲಿಗೆ ದಾಟಿಬಿಡುವುದಿಲ್ಲ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿ ಎಲ್ಲರಿಗೂ ಗೊತ್ತು. ಆದಿಪರ್ವದ ಶುರುವಿನಲ್ಲೂ ಒಂದು ನಾಯಿಯಿದೆ. ಜನಮೇಜಯನ ಯಾಗದ ಜಾಗಕ್ಕೆ ದೇವಶುನಿ ಸರಮೆಯ ಮರಿ ಬರುತ್ತದೆ. ರಾಜನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ಬಂದಾಗ ತಾಯಿ ಅನ್ನುವುದು, ನೀನು ಏನೋ ತಪ್ಪು ಮಾಡಿರಬೇಕು ಅಂತ. ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಅನ್ನುತ್ತದೆ ಮರಿ. ಸರಮೆ ಯಾಗಶಾಲೆಗೆ ಹೋಗಿ, ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಾಪ ಕೊಟ್ಟು ಹೋಗುತ್ತಾಳೆ. ಸರಮೆಯ ಮರಿಗೆ ಬಾಯಿತ್ತು, ಕೇಳಲು ತಾಯಿಯಿದ್ದಳು. ಕೆಂಚನ ಪರವಾಗಿ ಹೋಗಿ ಕೇಳಬೇಕಾಗಿದ್ದವನು ನಾನು. ನಾನು ಐದು ನಕ್ಷತ್ರ ಕೊಟ್ಟು ಬಂದಿದ್ದೆ.

ಹೊಡೆದರೆ ನಾಯಿ ಕಲಿಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ನಾಯಿ ತರಬೇತಿಯ ಪುಸ್ತಕ ಬರೆದ. ಬಲವಂತಕ್ಕೆ ಅದರಲ್ಲಿ ದೊಡ್ಡ ಜಾಗವಿತ್ತು, ಅನೇಕ ಪೊಲೀಸ್, ಸೇನಾ ನಾಯಿಗಳು ಹಾಗೇ ತಯಾರಾದವು. ಶಿಕ್ಷೆಯಿಂದ ನಡವಳಿಕೆ ನಿಲ್ಲುತ್ತದೆ ಎಂಬುದು ಮನಃಶಾಸ್ತ್ರದ ಪಠ್ಯದಲ್ಲೂ ಇದೆ. ಪ್ರಶ್ನೆ, ನಿಂತದ್ದು ಯಾವುದು ಅನ್ನುವುದು. ನಮ್ಮ ಕೆಲಸದಲ್ಲಿ ಪ್ರೋಗ್ರಾಂ ಎಲ್ಲೋ ತಪ್ಪಿದರೆ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ. ಕಾರಣ ಹುಡುಕಿ ಸರಿಮಾಡಬಹುದು, ಇಲ್ಲವೇ ಎಚ್ಚರಿಕೆ ತೋರಿಸುವ ಸಾಲನ್ನೇ ಅಳಿಸಬಹುದು. ಎರಡರಲ್ಲೂ ಪರದೆ ಸ್ವಚ್ಛವಾಗಿ ಕಾಣುತ್ತದೆ. ನಾಯಿ ಗುರ್ ಅನ್ನುವುದು, ಕೂಗುವುದು ಆ ಎಚ್ಚರಿಕೆ. ಗುರ್ ಅಂದಿದ್ದಕ್ಕೆ ಹೊಡೆದರೆ ಗುರ್ ಅನ್ನುವುದು ನಿಲ್ಲುತ್ತದೆ, ಒಳಗಿನ ಹೆದರಿಕೆ ಹಾಗೇ ಉಳಿಯುತ್ತದೆ. ‘ಮುನ್ಸೂಚನೆಯೇ ಇಲ್ಲದೆ ಕಚ್ಚಿತು’ ಅನ್ನುವ ಎಷ್ಟೋ ನಾಯಿಗಳಿಗೆ ಮುನ್ಸೂಚನೆ ಕೊಡಬಾರದು ಅಂತ ನಾವೇ ಕಲಿಸಿರುತ್ತೇವೆ.

‘ನೀವು ಮನೆಯಲ್ಲಿ ಆಲ್ಫಾ ಆಗಬೇಕು ಸಾರ್’ ಅಂತಲೂ ಆತ ಹೇಳಿದ್ದ. ಈ ಆಲ್ಫಾ ಕಥೆಯ ಬೇರು 1947ರಲ್ಲಿ ರುಡೋಲ್ಫ್ ಶೆಂಕೆಲ್ ಬರೆದ, ಬಂಧನದಲ್ಲಿದ್ದ ತೋಳಗಳ ಅಧ್ಯಯನದಲ್ಲಿದೆ. ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ತೋಳದ ಹಿಂಡು ಅಂದರೆ ಬಹುತೇಕ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಲ್ಲಿ ಹೊಡೆದಾಡಿ ಗೆದ್ದ ಯಜಮಾನ ಅಂತ ಇಲ್ಲ ಎಂದು 1999ರಲ್ಲಿ ಬರೆದರು. ತಮ್ಮದೇ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ಪರಿಣತ ಅಂದರೆ ಯಾರು ಅಂತ ನನಗೆ ಯಾರಾದರೂ ಕೇಳಿದರೆ ಈ ಒಂದು ಸಂಗತಿ ಹೇಳುತ್ತೇನೆ.

ಇಷ್ಟು ಹೇಳುವಾಗ ನನ್ನೊಳಗಿನ ಹಳ್ಳಿಯವನು ಕೇಳುತ್ತಾನೆ: ನಮ್ಮಲ್ಲೇನು ನಾಯಿಗೆ ಹೊಡೆಯುತ್ತಿರಲಿಲ್ಲವಾ? ಹೊಡೆಯುತ್ತಿದ್ದೆವು. ಅಡುಗೆಮನೆಗೆ ಮೂತಿ ಹಾಕಿದರೆ ಆಯಿ ಕೈಗೆ ಸಿಕ್ಕಿದ್ದರಲ್ಲಿ ಒಂದು ಬಿಡುತ್ತಿದ್ದಳು. ಅದು ಸರಿ ಅಂತ ಈಗ ಅನ್ನಲಾರೆ. ಆದರೆ ಒಂದು ವ್ಯತ್ಯಾಸ ಇತ್ತು. ಪೆಟ್ಟು ತಿಂದ ನಾಯಿ ಗದ್ದೆ ದಾಟಿ ಪಕ್ಕದ ಮನೆಗೆ ಹೋಗಿ ಎರಡು ದಿನ ಬರುತ್ತಿರಲಿಲ್ಲ. ‘ನಿಮ್ಮನೆ ನಾಯಿ ನಮ್ಮನೇಲಿ ಉಂಡ್ಕಂಡು ಇದ್ದು’ ಅಂತ ಅವರು ಹೇಳುತ್ತಿದ್ದರು. ಅದೇ ಅದರ ದೂರು. ಕೆಲಸವನ್ನೂ ಅದಕ್ಕೆ ನಾವು ಕಲಿಸುತ್ತಿರಲಿಲ್ಲ. ಮಂಗ ಓಡಿಸುವುದನ್ನು ಹಳೇ ನಾಯಿಯ ಹಿಂದೆ ಓಡಿ ಓಡಿ ಮರಿ ಕಲಿಯುತ್ತಿತ್ತು. ಮೂರನೇ ಮಹಡಿಯ ಫ್ಲ್ಯಾಟಿಗೆ, ಬೀಗ ಹಾಕಿದ ಕೆನಲ್‌ಗೆ ಗದ್ದೆಯಿಲ್ಲ, ಪಕ್ಕದ ಮನೆಯಿಲ್ಲ. ಓಡಿಹೋಗುವ ದಾರಿಯನ್ನು ನಾವೇ ಮುಚ್ಚಿದ ಮೇಲೆ ನಮ್ಮ ಹೊಣೆ ಹೆಚ್ಚಾಗಬೇಕು, ಕಡಿಮೆಯಲ್ಲ.

ಕಾನೂನು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ನಮ್ಮಲ್ಲಿ ನಾಯಿ ತರಬೇತುದಾರ ಅಂತ ಬೋರ್ಡು ಹಾಕಿಕೊಳ್ಳಲು ವಕೀಲರಿಗೆ, ವೈದ್ಯರಿಗೆ ಇರುವಂಥ ಪರಿಷತ್ತಿನ ನೋಂದಣಿ ಬೇಕಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಿಂದ ಇದೆ. ಅದರ 11ನೇ ಕಲಮಿನ ಪ್ರಕಾರ ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಈಗ ಬೆಂಗಳೂರಲ್ಲಿ ಮಸಾಲೆ ದೋಸೆಯೂ ಕಷ್ಟ.

ಹಾಗಾದರೆ ನೋಡಬೇಕಾದ್ದು ಏನು? ನನಗೆ ಗೊತ್ತಾಗಿದ್ದು ಎರಡನೇ ತರಬೇತುದಾರರಿಂದ. ಅವರ ಮೊದಲ ಪ್ರಶ್ನೆ, ‘ಪಶುವೈದ್ಯರಿಗೆ ಯಾವಾಗ ತೋರಿಸಿದಿರಿ?’ ತೋರಿಸಿದಾಗ ಕೆಂಚನ ಬಲಗಿವಿಯಲ್ಲಿ ಸೋಂಕು ಸಿಕ್ಕಿತು. ನೋವಿರುವ ಪ್ರಾಣಿಗೆ ಪಾಠ ಹೇಳುವುದೇನು ಬಂತು? ಎರಡನೆಯದಾಗಿ, ನಾಯಿಯನ್ನು ಬಿಟ್ಟು ಹೋಗಿ ಅನ್ನಲಿಲ್ಲ, ‘ನೀವಿಬ್ಬರೂ ಇರಬೇಕು’ ಅಂದರು. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆಯಿದೆ, ಗ್ವಾಲಿಯರ್ ಹತ್ತಿರದ ಟೇಕನಪುರದಲ್ಲಿ ಬಿಎಸ್‌ಎಫ್‌ನದಿದೆ. ಅಂಥ ಕಡೆಯೂ ನಾಯಿಯನ್ನು ಒಂಟಿಯಾಗಿ ತಯಾರು ಮಾಡಿ ಕಳಿಸುವುದಿಲ್ಲ, ಅದನ್ನು ನೋಡಿಕೊಳ್ಳುವ ಜವಾನನೂ ಜೊತೆಗೇ ಕಲಿಯುತ್ತಾನೆ.

ಮೂರನೆಯದಾಗಿ, ಸರಿ ಮಾಡಿದರೆ ಏನು ಸಿಗುತ್ತದೆ, ತಪ್ಪಿದರೆ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ ನೇರ ಉತ್ತರ ಬಂತು. ‘ಸರಿ ಮಾಡಿದ ಒಂದೆರಡು ಸೆಕೆಂಡಿನೊಳಗೆ ಪನೀರ್ ತುಂಡು. ತಪ್ಪಿದರೆ ಏನೂ ಇಲ್ಲ, ಪಾಠ ಕಷ್ಟವಾಯಿತು ಅಂತ ಅರ್ಥ, ಸುಲಭ ಮಾಡಬೇಕಾದ್ದು ನಾನು.’ ಬೀಗದ ಕೈ ತೆಗೆದುಕೊಂಡು ಹೊರಡದೆ ಕೂರುವುದು, ಹತ್ತು ಸೆಕೆಂಡು ಹೊರಗೆ ನಿಂತು ಬರುವುದು, ಆಮೇಲೆ ಒಂದು ನಿಮಿಷ, ಐದು ನಿಮಿಷ, ಹೀಗೇ. ಕೊನೆಯದಾಗಿ, ಅವರು ಗ್ಯಾರಂಟಿ ಕೊಡಲಿಲ್ಲ. ‘ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಹೋಗದೆಯೂ ಇರಬಹುದು. ಕಚ್ಚುವ ನಾಯಿಯಾಗಿದ್ದರೆ ನಾನು ಒಪ್ಪಿಕೊಳ್ಳುತ್ತಿರಲಿಲ್ಲ’ ಅಂದರು. ಗ್ಯಾರಂಟಿ ಕೊಟ್ಟವನ ಹತ್ತಿರ ನನ್ನ ನಾಯಿಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಇವರ ಹತ್ತಿರ ಪ್ರಶ್ನೆಗಳೇ ಹೆಚ್ಚಿದ್ದವು.

ಇದು ನಾಯಿಗೆ ಮಾತ್ರವಾ? ಮಾತು ಬರದ ಮಗುವನ್ನು ಶಿಶುವಿಹಾರಕ್ಕೆ ಬಿಡುವಾಗ, ಹಾಸಿಗೆ ಹಿಡಿದ ಅಜ್ಜಿಗೆ ಹೋಂ ನರ್ಸ್ ಇಡುವಾಗ ನಾವು ಕೇಳುವುದೂ ಅದೇ: ‘ಗಲಾಟೆ ಮಾಡಲಿಲ್ಲ ತಾನೆ?’ ಇಲ್ಲ ಅಂದರೆ ಖುಷಿಯಾಗುತ್ತೇವೆ. ಯಾಕೆ ಮಾಡಲಿಲ್ಲ ಅಂತ ಕೇಳುವುದಿಲ್ಲ.

ಆ ಐದು ನಕ್ಷತ್ರ ಅಳಿಸಿ, ನಡೆದದ್ದನ್ನು ಬರೆದೆ. ಅಷ್ಟರೊಳಗೆ ಅದನ್ನು ನಂಬಿ ಎಷ್ಟು ಜನ ತಮ್ಮ ನಾಯಿಗಳನ್ನು ಬಿಟ್ಟು ಬಂದರೋ. ಏಳು ತಿಂಗಳಾದವು. ಕೆಂಚ ಈಗ ನಾಲ್ಕು ತಾಸು ಒಬ್ಬನೇ ಇರುತ್ತಾನೆ, ಅದಕ್ಕಿಂತ ಹೆಚ್ಚಾದರೆ ಆಗುವುದಿಲ್ಲ. ಆಫೀಸಿಗೆ ಹೋಗುವ ದಿನಗಳನ್ನು ನಾನು, ಹೆಂಡತಿ ಹಂಚಿಕೊಂಡಿದ್ದೇವೆ. ಕೊರಿಯರ್‌ನವರು ಬಂದರೆ ಒಂದೆರಡು ಸಲ ಬೊಗಳುತ್ತಾನೆ. ಮೊದಲ ಸಲ ಬೊಗಳಿದ ದಿನ ಕೆಳಗಿನ ಅಜ್ಜ ಸಿಕ್ಕಿ, ‘ಮತ್ತೆ ಶುರುವಾಯ್ತಾ?’ ಅಂದರು. ಹೌದು ಅಜ್ಜ ಅಂದೆ. ಬೇಜಾರು ಮಾಡಿಕೊಳ್ಳುವ ಬದಲು ನಗುತ್ತಿದ್ದೇನೆ ಅಂತ ಅವರಿಗೆ ಆಶ್ಚರ್ಯ ಆಗಿರಬೇಕು.

ಕೊಕ್ಕೆಯ ಸದ್ದಿಗೆ ಮಾತ್ರ ಇವತ್ತಿಗೂ ಮುದುಡಿಕೊಳ್ಳುತ್ತಾನೆ. ನಾನು ಬೆಲ್ಟ್ ಹಾಕುವುದು ಬಿಟ್ಟಿದ್ದೇನೆ.